ಪೆಟ್ರೋಲ್ ಟ್ಯಾಂಕಿಗೂ ಮೆಕ್ಕೆಜೋಳದ ರಾಶಿಗೂ ಏನು ನಂಟು?

2025ರ ನವೆಂಬರ್‌ನಲ್ಲಿ ಕರ್ನಾಟಕದ ಎರಡು ಬೆಳೆಗಳ ರೈತರು ಒಂದೇ ಹೊತ್ತಿಗೆ ಬೀದಿಗಿಳಿದರು. ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಬೇಕೆಂದು ಧರಣಿ ಕುಳಿತರು. ಕೊನೆಗೆ 3,300 ರೂಪಾಯಿಗೆ ಮಾತು ಮುಗಿಯಿತು. ದಾವಣಗೆರೆ, ಹಾವೇರಿ, ಗದಗ ಕಡೆಯ ಮಾರುಕಟ್ಟೆಗಳಲ್ಲಿ ಮೆಕ್ಕೆಜೋಳ ಕ್ವಿಂಟಲ್‌ಗೆ 1,600ರಿಂದ 1,800 ರೂಪಾಯಿಗೆ ಇಳಿದಿತ್ತು. ಕೇಂದ್ರ ಘೋಷಿಸಿದ್ದ ಬೆಂಬಲ ಬೆಲೆ 2,400 ರೂಪಾಯಿ. ಒಂದು ವರ್ಷ ಹಿಂದೆ ಇದೇ ಮೆಕ್ಕೆಜೋಳ ಬೆಂಬಲ ಬೆಲೆಯನ್ನೂ ಮೀರಿ ಮಾರಾಟವಾಗಿತ್ತು.

ಎರಡೂ ಕಡೆ ಚರ್ಚೆ ಕೊನೆಗೆ ಬಂದು ನಿಂತದ್ದು ಪೆಟ್ರೋಲ್‌ಗೆ ಬೆರೆಸುವ ಎಥೆನಾಲ್ ಬಳಿ. ತಾವು ಮಾಡುವ ಎಥೆನಾಲನ್ನು ತೈಲ ಕಂಪನಿಗಳು ಸಾಕಷ್ಟು ಕೊಳ್ಳುತ್ತಿಲ್ಲ, ಹಾಗಾಗಿ ಕಬ್ಬಿಗೆ ಹೆಚ್ಚು ಕೊಡಲಾಗದು ಎಂದರು ಸಕ್ಕರೆ ಕಾರ್ಖಾನೆಯವರು. ಕಾಳಿನಿಂದ ಎಥೆನಾಲ್ ಮಾಡುವ ರಾಜ್ಯದ ಡಿಸ್ಟಿಲರಿಗಳಿಂದ ಅದನ್ನು ಹೆಚ್ಚು ಕೊಂಡರೆ ಮೆಕ್ಕೆಜೋಳಕ್ಕೆ ಬೆಲೆ ಬರುತ್ತದೆ ಎಂದು ರಾಜ್ಯ ಸರ್ಕಾರ ಕೇಂದ್ರಕ್ಕೆ ಪತ್ರ ಬರೆಯಿತು. ಬೈಕಿಗೆ ಹಾಕುವ ಇಂಧನಕ್ಕೂ ಎಪಿಎಂಸಿ ಅಂಗಳದ ರಾಶಿಗೂ ಇಷ್ಟು ಗಟ್ಟಿ ನಂಟು ಬೆಳೆದದ್ದು ಯಾವಾಗ? ಆ ನಂಟು ಒಮ್ಮೆ ರೈತನನ್ನು ಮೇಲೆತ್ತಿ ಮರುವರ್ಷವೇ ಕೆಳಗೆ ಬಿಡುವುದು ಏಕೆ?

ಮೊದಲು ಎಥೆನಾಲ್

ಸಕ್ಕರೆ ಅಂಶವಿರುವ ಯಾವುದೇ ದ್ರವವನ್ನು ಹುಳಿಬರಿಸಿ ಬಟ್ಟಿ ಇಳಿಸಿದರೆ ಮದ್ಯಸಾರ ಸಿಗುತ್ತದೆ. ಅದರಲ್ಲಿನ ನೀರನ್ನು ಪೂರ್ತಿ ತೆಗೆದರೆ ಪೆಟ್ರೋಲ್ ಜೊತೆ ಬೆರೆಸಬಹುದಾದ ಎಥೆನಾಲ್. ಕಬ್ಬಿನಿಂದ ಅದನ್ನು ಮಾಡಲು ಮೂರು ದಾರಿಗಳಿವೆ. ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಉಳಿಯುವ ಕೊನೆಯ ಕಾಕಂಬಿಯಿಂದ ಮಾಡಬಹುದು. ಇನ್ನೂ ಸ್ವಲ್ಪ ಸಕ್ಕರೆ ಉಳಿದಿರುವ ನಡುಹಂತದ ಕಾಕಂಬಿಯಿಂದ ಮಾಡಬಹುದು. ಸಕ್ಕರೆಯನ್ನೇ ಮಾಡದೆ ನೇರವಾಗಿ ಕಬ್ಬಿನ ರಸದಿಂದಲೂ ಮಾಡಬಹುದು. ಮೊದಲ ದಾರಿಯಲ್ಲಿ ಸಕ್ಕರೆಗೆ ಏನೂ ನಷ್ಟವಿಲ್ಲ. ಮೂರನೆಯದರಲ್ಲಿ ಪ್ರತಿ ಲೀಟರ್ ಎಥೆನಾಲ್ ಒಂದಿಷ್ಟು ಸಕ್ಕರೆಯನ್ನು ಮಾರುಕಟ್ಟೆಯಿಂದ ದೂರ ಇಡುತ್ತದೆ. ಮುಂದೆ ಸರ್ಕಾರದ ಆದೇಶಗಳ ಮಾತು ಬಂದಾಗ ಈ ವ್ಯತ್ಯಾಸ ಬೇಕಾಗುತ್ತದೆ.

ಮೆಕ್ಕೆಜೋಳ, ಅಕ್ಕಿಗಳಲ್ಲಿ ಇರುವುದು ಪಿಷ್ಟ. ಅದನ್ನು ಮೊದಲು ಸಕ್ಕರೆಯಾಗಿ ಒಡೆದು ಆಮೇಲೆ ಹುಳಿಬರಿಸಬೇಕು. ಒಂದು ಟನ್ ಮೆಕ್ಕೆಜೋಳಕ್ಕೆ ಸುಮಾರು 380 ಲೀಟರ್ ಎಥೆನಾಲ್ ಸಿಗುತ್ತದೆ. ಪಿಷ್ಟ ಹೋದ ಮೇಲೆ ಪ್ರೋಟೀನ್, ಎಣ್ಣೆ, ನಾರು ಉಳಿದ ಒಂದು ಹಿಂಡಿ ಸಿಗುತ್ತದೆ. ಮೂಲ ಕಾಳಿನ ತೂಕದ ಕಾಲು ಭಾಗದಷ್ಟು ಅಥವಾ ತುಸು ಹೆಚ್ಚೇ ಬರುವ, ಡಿಡಿಜಿಎಸ್ ಎಂದು ಕರೆಯುವ ಈ ಹಿಂಡಿ ದನ, ಕೋಳಿಗಳ ಮೇವಾಗಿ ಮಾರಾಟವಾಗುತ್ತದೆ.

ಭಾರತದಲ್ಲಿ 2013–14ರಲ್ಲಿ ಪೆಟ್ರೋಲ್‌ಗೆ ಬೆರೆಯುತ್ತಿದ್ದ ಎಥೆನಾಲ್ ಶೇ 1.5ರಷ್ಟು ಮಾತ್ರ. 2022ರ ಜೂನ್‌ನಲ್ಲಿ ಅದು ಶೇ 10 ತಲುಪಿತು. 2030ಕ್ಕೆಂದು ಇಟ್ಟಿದ್ದ ಶೇ 20ರ ಗುರಿಯನ್ನು ಇನ್ನೂ ಬೇಗ, 2025–26ಕ್ಕೇ ಮುಟ್ಟಬೇಕೆಂದು ಬದಲಿಸಲಾಯಿತು. 2025ರಲ್ಲೇ ಅದೂ ಮುಟ್ಟಿತು. ಹತ್ತು–ಹನ್ನೆರಡು ವರ್ಷಗಳಲ್ಲಿ ಬೆಳೆಗಳಿಗೆ ಇಷ್ಟು ದೊಡ್ಡ ಹೊಸ ಗಿರಾಕಿ ಹುಟ್ಟಿಕೊಂಡದ್ದು ನಮ್ಮಲ್ಲಿ ಅಪರೂಪ.

ಬೆಲೆಯ ಮಟ್ಟ ಬೇರೆ, ಏರಿಳಿತ ಬೇರೆ

ಪತ್ರಿಕೆಗಳಲ್ಲಿ ಇವೆರಡೂ ಆಗಾಗ ಬೆರೆತುಹೋಗುತ್ತವೆ. ಮೆಕ್ಕೆಜೋಳದ ದರ ಮೂರು ವರ್ಷ ಸತತವಾಗಿ 2,500 ರೂಪಾಯಿ ಇದ್ದರೆ ಅದು ಹೆಚ್ಚಿನ ಬೆಲೆ, ಆದರೆ ಸ್ಥಿರ ಬೆಲೆ. ಕೋಳಿ ಸಾಕುವವರು ಗೊಣಗಿಕೊಂಡೇ ಅದಕ್ಕೆ ಹೊಂದಿಕೊಳ್ಳುತ್ತಾರೆ. ಒಂದು ವರ್ಷ 2,500, ಮರುವರ್ಷ 1,700, ಅದರ ಮುಂದಿನ ವರ್ಷ ಏನೆಂದು ಯಾರೂ ಹೇಳಲಾರರು ಎಂಬ ಸ್ಥಿತಿಯೇ ಏರಿಳಿತ. ಇದರಲ್ಲಿ ರೈತ, ಕೋಳಿ ಸಾಕುವವರು, ಡಿಸ್ಟಿಲರಿ ಮೂವರೂ ಸೋಲಬಹುದು. ಸಾಲ ಮಾಡಿ ಬಿತ್ತುವವನಿಗೆ ಸರಾಸರಿ ಬೆಲೆ ಚೆನ್ನಾಗಿದೆ ಎಂಬುದು ಸಮಾಧಾನದ ಮಾತಲ್ಲ. ಕೊಯ್ಲಿನ ವಾರದಲ್ಲಿ ಎಷ್ಟಿದೆ ಎಂಬುದೇ ಲೆಕ್ಕ.

ಬೆಳೆಗಳ ಬೆಲೆ ಮೊದಲಿನಿಂದಲೂ ಚಂಚಲ. ಬಿತ್ತಿದ ಮೇಲೆ ಕೊಯ್ಲಿನ ತನಕ ಪೂರೈಕೆಯನ್ನು ಹೆಚ್ಚಿಸಲಾಗದು. ಬೆಲೆ ಏರಿತೆಂದು ಜನ ಉಣ್ಣುವುದನ್ನೂ ಅಷ್ಟಾಗಿ ಕಡಿಮೆ ಮಾಡಲಾರರು. ಹಾಗಾಗಿ ಮಳೆ ಸ್ವಲ್ಪ ಕೈಕೊಟ್ಟರೂ ಬೆಲೆ ಬಹಳ ಜಿಗಿಯುತ್ತದೆ. ಇದನ್ನು ತಡೆಯುವ ಆಸರೆ ಒಂದೇ: ದಾಸ್ತಾನು. ಗೋದಾಮು ತುಂಬಿದ್ದರೆ ಬರಗಾಲದ ಪೆಟ್ಟು ಮೆತ್ತಗಾಗುತ್ತದೆ. ಬರಿದಾಗಿದ್ದರೆ ಪುಟ್ಟ ಸುದ್ದಿಗೂ ಮಾರುಕಟ್ಟೆ ಬೆಚ್ಚಿಬೀಳುತ್ತದೆ.

ಕಚ್ಚಾ ತೈಲವೂ ಚಂಚಲವೇ, ಆದರೆ ಅದರ ಕಾರಣಗಳು ಬೇರೆ: ಯುದ್ಧ, ತೈಲ ದೇಶಗಳ ತೀರ್ಮಾನ, ಆರ್ಥಿಕ ಹಿಂಜರಿತ. ಒಂದು ಮಾರುಕಟ್ಟೆಯ ಈ ತಳಮಳ ಇನ್ನೊಂದಕ್ಕೆ ದಾಟುವುದನ್ನು ಅರ್ಥಶಾಸ್ತ್ರಜ್ಞರು ಏರಿಳಿತದ ಹರಡುವಿಕೆ ಎನ್ನುತ್ತಾರೆ. ಬರದಿಂದ ಬೆಳೆ ಕುಗ್ಗಿದರೆ ಎಥೆನಾಲ್ ತುಟ್ಟಿಯಾಗುವುದು ಒಂದು ದಿಕ್ಕು. ತೈಲ ಕುಸಿದರೆ ಬೆಳೆ ಅಗ್ಗವಾಗುವುದು ಇನ್ನೊಂದು ದಿಕ್ಕು.

ಎರಡು ಕೆರೆಗಳ ನಡುವಿನ ತೂಬು

ತೈಲಕ್ಕೂ ಬೇಸಾಯಕ್ಕೂ ಹಳೆಯ ನಂಟು ಇದ್ದೇ ಇದೆ: ಟ್ರ್ಯಾಕ್ಟರ್‌ನ ಡೀಸೆಲ್, ಲಾರಿ ಬಾಡಿಗೆ, ನೈಸರ್ಗಿಕ ಅನಿಲದಿಂದ ತಯಾರಾಗುವ ಯೂರಿಯಾ. ಇವೆಲ್ಲ ಬೆಳೆಯುವ ಖರ್ಚಿನ ಕಡೆಯಿಂದ, ನಿಧಾನವಾಗಿ ಬೆಲೆಗೆ ತಾಕುತ್ತವೆ. ಎಥೆನಾಲ್‌ನಂತೆ ಬೆಳೆಯಿಂದ ಮಾಡುವ ಜೈವಿಕ ಇಂಧನ ಸೇರಿಸಿದ್ದು ಕೊಳ್ಳುವ ಕಡೆಯ ನಂಟನ್ನು. ಇದು ವೇಗದ್ದು.

ಈ ಹೊಸ ನಂಟನ್ನು ಮೇಲೊಂದು ಕೆಳಗೊಂದು ಇರುವ ಎರಡು ಕೆರೆಗಳೆಂದು ಕಲ್ಪಿಸಿಕೊಳ್ಳಿ. ಮೇಲಿನದು ಇಂಧನದ ದೊಡ್ಡ ಕೆರೆ, ಕೆಳಗಿನದು ಬೆಳೆಯ ಚಿಕ್ಕ ಕೆರೆ. ನಡುವೆ ಒಂದು ತೂಬು. ತೂಬು ಮುಚ್ಚಿದ್ದರೆ ಮೇಲಿನ ಕೆರೆಯಲ್ಲಿ ಎಷ್ಟು ಅಲೆ ಎದ್ದರೂ ಕೆಳಗೆ ಗೊತ್ತಾಗದು. ತೆರೆದಿದ್ದರೆ ಎರಡರ ಮಟ್ಟವೂ ಕೂಡಿಯೇ ಏರಿಳಿಯುತ್ತದೆ, ಮತ್ತು ಚಿಕ್ಕ ಕೆರೆಗೆ ದೊಡ್ಡದರ ಸಣ್ಣ ಅಲೆಯೂ ದೊಡ್ಡದೇ. ಎಷ್ಟು ತೆರೆಯಬೇಕೆಂದು ತೀರ್ಮಾನಿಸುವ ನೀರುಗಂಟಿ ಯಾರು ಎಂಬ ಪ್ರಶ್ನೆಗೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರವಿದೆ. ಏರಿಳಿತ ಯಾವ ರೂಪದಲ್ಲಿ ಬರುತ್ತದೆ ಎಂಬುದು ಬಹುಮಟ್ಟಿಗೆ ಅದರ ಮೇಲೇ ನಿಂತಿದೆ.

ತೂಬು ತಾನಾಗಿ ತೆರೆಯುವುದು ಎಥೆನಾಲ್ ಮಾಡಿದರೆ ಲಾಭವಿದ್ದಾಗ. ಪೆಟ್ರೋಲ್ ದುಬಾರಿಯಾದರೆ ಎಥೆನಾಲ್‌ಗೂ ಒಳ್ಳೆಯ ದರ ಸಿಗುತ್ತದೆ. ಡಿಸ್ಟಿಲರಿ ಬೆಳೆಗೆ ಹೆಚ್ಚು ಕೊಡುತ್ತದೆ. ಆಗ ತೈಲದ ಬೆಲೆ ಬೆಳೆಯ ಬೆಲೆಗೆ ನೆಲಗಟ್ಟಿನಂತೆ ಕೆಲಸ ಮಾಡುತ್ತದೆ: ಬೆಳೆ ಅದಕ್ಕಿಂತ ಅಗ್ಗವಾದರೆ ಡಿಸ್ಟಿಲರಿ ಹೀರಿಕೊಳ್ಳುತ್ತದೆ. ತೈಲ ಕುಸಿದಾಗ ಆ ನೆಲಗಟ್ಟೂ ಜೊತೆಗೇ ಕುಸಿಯುತ್ತದೆ. ಇಷ್ಟು ಬೆರೆಸಲೇಬೇಕು ಎಂಬ ಕಾನೂನಿದ್ದರೆ ಲಾಭ ಇರಲಿ ಬಿಡಲಿ ಒಂದು ಮಟ್ಟಿಗೆ ಹರಿವು ಇದ್ದೇ ಇರುತ್ತದೆ. ಇದಕ್ಕಿಂತ ಹೆಚ್ಚು ಬೆರೆಸುವಂತಿಲ್ಲ ಎಂಬ ಮಿತಿಯಿದ್ದರೆ ತೂಬಿನ ಬಾಯಿಯೇ ಅಷ್ಟು, ಅದಕ್ಕಿಂತ ಹೆಚ್ಚು ಹರಿಯದು.

ಅಮೆರಿಕ: ಕಾನೂನು, ಬರ ಮತ್ತು ಮಿತಿ

ಈ ಎಲ್ಲ ಸ್ಥಿತಿಗಳನ್ನೂ ಒಂದರ ಹಿಂದೊಂದು ನೋಡಬೇಕಾದರೆ ಅಮೆರಿಕದ ಕಳೆದ ಎರಡು ದಶಕಗಳೇ ಒಳ್ಳೆಯ ಪಾಠಶಾಲೆ.

2005ರಲ್ಲಿ ಅಲ್ಲಿನ ಸಂಸತ್ತು ಪೆಟ್ರೋಲ್‌ಗೆ ನವೀಕರಿಸಬಹುದಾದ ಇಂಧನ ಬೆರೆಸುವುದನ್ನು ಕಡ್ಡಾಯ ಮಾಡಿತು. 2007ರಲ್ಲಿ ಆ ಕಾನೂನನ್ನು ಬಹಳ ಹಿಗ್ಗಿಸಿತು. ನಡುವೆ, 2006ರಲ್ಲಿ, ಪೆಟ್ರೋಲ್‌ಗೆ ಸೇರಿಸುತ್ತಿದ್ದ ಎಂಟಿಬಿಇ ಎಂಬ ರಾಸಾಯನಿಕ ಅಂತರ್ಜಲ ಕೆಡಿಸುತ್ತದೆಂದು ಕಂಪನಿಗಳು ಅದನ್ನು ಕೈಬಿಟ್ಟವು. ಅದರ ಜಾಗಕ್ಕೂ ಎಥೆನಾಲೇ ಬೇಕಾಯಿತು. 2005–06ರಲ್ಲಿ ಎಥೆನಾಲ್‌ಗೆ ಹೋಗಿದ್ದ ಮೆಕ್ಕೆಜೋಳ ಸುಮಾರು 4 ಕೋಟಿ ಟನ್. ಐದೇ ವರ್ಷಗಳಲ್ಲಿ ಅದು 12 ಕೋಟಿ ಟನ್ ದಾಟಿತು. ಆ ದೇಶದ ಬೆಳೆಯ ಶೇ 40ರ ಆಸುಪಾಸು. ಜಗತ್ತಿಗೆ ಅತಿ ಹೆಚ್ಚು ಮೆಕ್ಕೆಜೋಳ ರಫ್ತು ಮಾಡುತ್ತಿದ್ದ ದೇಶ ಅದು ಎಂಬುದನ್ನು ನೆನಪಿಟ್ಟರೆ ಈ ಅಂಕಿಯ ತೂಕ ತಿಳಿಯುತ್ತದೆ.

ಬೆಲೆಯೂ ಹಾಗೇ ಓಡಿತು. ಅಲ್ಲಿ ಮೆಕ್ಕೆಜೋಳವನ್ನು 25.4 ಕೆ.ಜಿ.ಯ ಬುಷೆಲ್ ಲೆಕ್ಕದಲ್ಲಿ ಮಾರುತ್ತಾರೆ. 2005ರ ಸುಮಾರಿಗೆ ಎರಡು ಡಾಲರ್ ಇದ್ದ ಬುಷೆಲ್ 2008ರ ಜೂನ್‌ನಲ್ಲಿ ಏಳು ಡಾಲರ್ ದಾಟಿತು. ಕಚ್ಚಾ ತೈಲ ಅದೇ ಜುಲೈನಲ್ಲಿ ಬ್ಯಾರೆಲ್‌ಗೆ 147 ಡಾಲರ್ ಮುಟ್ಟಿತ್ತು. ವರ್ಷಾಂತ್ಯದ ಹೊತ್ತಿಗೆ ತೈಲ 40 ಡಾಲರ್‌ಗಿಂತ ಕೆಳಗೆ, ಮೆಕ್ಕೆಜೋಳ ನಾಲ್ಕು ಡಾಲರ್ ಸುತ್ತಮುತ್ತ. ದುಬಾರಿಯಿದ್ದಾಗಲೇ ಮೆಕ್ಕೆಜೋಳ ಕೊಳ್ಳುವ ಒಪ್ಪಂದ ಮಾಡಿಕೊಂಡಿದ್ದ ವೆರಾಸನ್ ಎಂಬ ದೊಡ್ಡ ಎಥೆನಾಲ್ ಕಂಪನಿ ಆ ಅಕ್ಟೋಬರ್ ಕೊನೆಯಲ್ಲಿ ದಿವಾಳಿ ಅರ್ಜಿ ಹಾಕಿತು. ಏರಿಳಿತದ ಪೆಟ್ಟು ರೈತನಿಗಷ್ಟೇ ಅಲ್ಲ ಎನ್ನಲು ಇದೊಂದು ಉದಾಹರಣೆ ಸಾಕು.

2012ರ ಬರ ಇನ್ನೊಂದು ಮುಖ ತೋರಿಸಿತು. ಬೆಳೆ ಒಣಗಿ ಬುಷೆಲ್ ಎಂಟು ಡಾಲರ್ ದಾಟಿದಾಗ ದನ, ಹಂದಿ ಸಾಕುವವರು ಬಳಕೆ ಕಡಿಮೆ ಮಾಡಿದರು, ರಫ್ತು ಕುಸಿಯಿತು. ಎಥೆನಾಲ್‌ಗೆ ಮಾತ್ರ ಕಾನೂನಿನ ಬಲವಿತ್ತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮುಖ್ಯಸ್ಥರು ಕಡ್ಡಾಯವನ್ನು ತಾತ್ಕಾಲಿಕವಾಗಿ ಸಡಿಲಿಸಿ ಎಂದರು. ಹಲವು ರಾಜ್ಯಗಳ ಗವರ್ನರ್‌ಗಳೂ ಕೇಳಿಕೊಂಡರು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಆ ನವೆಂಬರ್‌ನಲ್ಲಿ ಒಪ್ಪಲಿಲ್ಲ. ಇದರ ತಿರುಳು ಸರಳ. ಕೊರತೆ ಬಂದಾಗ ಎಲ್ಲ ಗಿರಾಕಿಗಳೂ ತುಸು ತುಸು ಹಿಂದೆ ಸರಿದರೆ ಬೆಲೆ ಸ್ವಲ್ಪ ಏರಿ ನಿಲ್ಲುತ್ತದೆ. ಒಬ್ಬ ದೊಡ್ಡ ಗಿರಾಕಿ ಜಗ್ಗುವುದೇ ಇಲ್ಲ ಎಂದಾದರೆ ಕೊರತೆಯ ಭಾರವೆಲ್ಲ ಉಳಿದವರ ಮೇಲೆ ಬೀಳುತ್ತದೆ. ಅವರನ್ನು ಹಿಂದೆ ಸರಿಸಲು ಬೆಲೆ ಇನ್ನೂ ಬಹಳ ಏರಬೇಕಾಗುತ್ತದೆ.

ಆಮೇಲೆ ಬಂದದ್ದು ಮಿತಿ. ಅಲ್ಲಿನ ಬಹುತೇಕ ವಾಹನಗಳಿಗೆ ಶೇ 10ರ ಮಿಶ್ರಣವೇ ರೂಢಿ. ಪೆಟ್ರೋಲ್ ಬಳಕೆ ಏರದಿದ್ದಾಗ 2013ರ ಹೊತ್ತಿಗೆ ಎಥೆನಾಲ್ ಆ ಮಟ್ಟಕ್ಕೆ ಬಂದು ತಗುಲಿ ನಿಂತಿತು. ವರ್ಷ ವರ್ಷ ಬೆಳೆಯುತ್ತಿದ್ದ ಬೇಡಿಕೆ ಥಟ್ಟನೆ ಸಮತಟ್ಟಾಯಿತು. ಮರುವರ್ಷಗಳ ಒಳ್ಳೆಯ ಫಸಲು ಸೇರಿ ಮೆಕ್ಕೆಜೋಳ ನಾಲ್ಕು ಡಾಲರ್‌ಗಿಂತ ಕೆಳಗೆ ಇಳಿಯಿತು. ಇದನ್ನು ಇಲ್ಲಿ ಎತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ 2025ರಲ್ಲಿ ಆದದ್ದಕ್ಕೂ ಇದಕ್ಕೂ ಹೋಲಿಕೆ ಕಾಣುತ್ತದೆ.

ಕೊನೆಯ ಪಾಠ 2020ರದು. ಲಾಕ್‌ಡೌನ್‌ನಲ್ಲಿ ಕಾರುಗಳು ನಿಂತವು, ಏಪ್ರಿಲ್ 20ರಂದು ಅಮೆರಿಕದ ಕಚ್ಚಾ ತೈಲದ ವಾಯಿದಾ (ಮುಂಗಡ ವ್ಯಾಪಾರದ) ದರ ಸೊನ್ನೆಗಿಂತ ಕೆಳಗೆ ಹೋಯಿತು, ಕೆಲವೇ ವಾರಗಳಲ್ಲಿ ಎಥೆನಾಲ್ ಉತ್ಪಾದನೆ ಅರ್ಧಕ್ಕೆ ಬಂತು. ಮಳೆ, ಮಣ್ಣು, ಬೆಳೆ ಎಲ್ಲ ಸರಿಯಿದ್ದರೂ ಮೆಕ್ಕೆಜೋಳ ಮೂರು ಡಾಲರ್ ಆಸುಪಾಸಿಗೆ ಇಳಿಯಿತು. ರೈತನ ಹೊಲಕ್ಕೆ ಏನೂ ಆಗಿರಲಿಲ್ಲ. ಯಾರೂ ಕಾರು ಹೊರಗೆ ತೆಗೆಯಲಿಲ್ಲ, ಅಷ್ಟೇ.

ಬ್ರೆಜಿಲ್: ಪಂಪಿನ ಮುಂದೆ ನಿಂತು ಲೆಕ್ಕ ಹಾಕುವ ಚಾಲಕ

ಬ್ರೆಜಿಲ್ ಕಬ್ಬಿನ ಎಥೆನಾಲ್ ಯೋಜನೆ ಶುರುಮಾಡಿದ್ದು 1975ರಲ್ಲಿ, ಜಗತ್ತಿನಲ್ಲಿ ತೈಲ ಬೆಲೆ ಹಠಾತ್ತಾಗಿ ಜಿಗಿದ ಮೊದಲ ಆಘಾತದ ನಂತರ. ಎಂಬತ್ತರ ದಶಕದ ನಡುವೆ ಅಲ್ಲಿ ಮಾರಾಟವಾಗುತ್ತಿದ್ದ ಹೊಸ ಕಾರುಗಳಲ್ಲಿ ಹೆಚ್ಚಿನವು ಎಥೆನಾಲ್‌ನಿಂದಲೇ ಓಡುವಂಥವು. ತೈಲ ಅಗ್ಗವಾಗಿ ಸಕ್ಕರೆ ದುಬಾರಿಯಾದಾಗ, 1989ರ ಹೊತ್ತಿಗೆ, ಕಾರ್ಖಾನೆಗಳು ಸಕ್ಕರೆಯ ಕಡೆ ವಾಲಿದವು. ಪಂಪುಗಳಲ್ಲಿ ಎಥೆನಾಲ್ ಸಿಗದೆ ಜನ ಅಂಥ ಕಾರುಗಳನ್ನು ಕೊಳ್ಳುವುದನ್ನೇ ಬಿಟ್ಟರು.

ದಾರಿ ತೋರಿಸಿದ್ದು 2003ರಲ್ಲಿ ಬಂದ, ಎರಡೂ ಇಂಧನಗಳನ್ನು ಯಾವ ಪ್ರಮಾಣದಲ್ಲಾದರೂ ಕುಡಿಯುವ ಕಾರು. ಎಥೆನಾಲ್‌ನಲ್ಲಿ ಪೆಟ್ರೋಲ್‌ನ ಸುಮಾರು ಶೇ 70ರಷ್ಟು ಶಕ್ತಿ ಇರುವುದರಿಂದ, ಅದರ ದರ ಪೆಟ್ರೋಲ್‌ನ ಶೇ 70ಕ್ಕಿಂತ ಕಡಿಮೆಯಿದ್ದರೆ ಎಥೆನಾಲ್, ಇಲ್ಲದಿದ್ದರೆ ಪೆಟ್ರೋಲ್: ಅಲ್ಲಿನ ಚಾಲಕರಿಗೆ ಇದು ಬಾಯಿಪಾಠ. ಆ ಕಡೆ ಕಾರ್ಖಾನೆಯೂ ಅದೇ ಕಬ್ಬಿನಿಂದ ಸಕ್ಕರೆ ಹೆಚ್ಚು ಮಾಡಬೇಕೋ ಎಥೆನಾಲ್ ಹೆಚ್ಚು ಮಾಡಬೇಕೋ ಎಂದು ಒಂದು ಮಿತಿಯೊಳಗೆ ಬದಲಿಸಿಕೊಳ್ಳಬಲ್ಲದು. ಕಡ್ಡಾಯ ಮಿಶ್ರಣವೂ ಇದೆ (2025ರ ಆಗಸ್ಟ್‌ನಿಂದ ಅದು ಶೇ 30), ಆದರೆ ಅದರ ಮೇಲಿನ ಭಾಗದಲ್ಲಿ ಲಕ್ಷಾಂತರ ನೀರುಗಂಟಿಗಳು ದಿನವೂ ತೂಬನ್ನು ಚೂರು ಚೂರು ತಿರುಗಿಸುತ್ತಿರುತ್ತಾರೆ. ಹೀಗಾಗಿ ತೈಲದ ಅಲೆ ಸಕ್ಕರೆಯ ಬೆಲೆಗೆ ಬೇಗ ದಾಟುತ್ತದೆ. ಆದರೆ ಕೊರತೆಯ ಹೊತ್ತಿನಲ್ಲಿ ಹಿಂದೆ ಸರಿಯುವ ಗಿರಾಕಿಯೂ ಇದ್ದಾನೆ. ಬ್ರೆಜಿಲ್ ಜಗತ್ತಿನ ಅತಿ ದೊಡ್ಡ ಸಕ್ಕರೆ ರಫ್ತುದಾರನಾದ್ದರಿಂದ ಸಾವೊ ಪಾವ್ಲೊ ಚಾಲಕನ ಲೆಕ್ಕ ಲಂಡನ್, ನ್ಯೂಯಾರ್ಕ್‌ನ ಸಕ್ಕರೆ ದರಕ್ಕೂ ತಾಕುತ್ತದೆ.

ಭಾರತ: ತೂಬಿನ ಕೀಲಿ ದೆಹಲಿಯಲ್ಲಿ

ನಮ್ಮಲ್ಲಿ ಹಾಗಲ್ಲ. ಇಲ್ಲಿ ಚಾಲಕ ಆರಿಸುವುದಿಲ್ಲ. ಪಂಪ್‌ನಲ್ಲಿ ಸಿಗುವುದೇ ಬೆರೆಸಿದ ಪೆಟ್ರೋಲ್. ಎಥೆನಾಲ್ ಕೊಳ್ಳುವವರು ಮುಖ್ಯವಾಗಿ ಸರ್ಕಾರಿ ತೈಲ ಕಂಪನಿಗಳು. ದರ ಗೊತ್ತುಮಾಡುವುದು ಸರ್ಕಾರ, ಅದೂ ಯಾವ ಕಚ್ಚಾವಸ್ತುವಿನಿಂದ ಮಾಡಿದ್ದು ಎಂಬುದರ ಮೇಲೆ ಬೇರೆ ಬೇರೆ. 2025ರಲ್ಲಿ ಕೊನೆಯ ಹಂತದ ಕಾಕಂಬಿಯದಕ್ಕೆ ಲೀಟರ್‌ಗೆ 57.97 ರೂಪಾಯಿ, ಕಬ್ಬಿನ ರಸದ್ದಕ್ಕೆ 65.61, ಮೆಕ್ಕೆಜೋಳದ್ದಕ್ಕೆ 71.86 ಇತ್ತು. ನವೆಂಬರ್‌ನಿಂದ ಅಕ್ಟೋಬರ್‌ವರೆಗಿನ ಪೂರೈಕೆ ವರ್ಷಕ್ಕೆ ಯಾರಿಂದ ಎಷ್ಟು ಕೊಳ್ಳಬೇಕೆಂಬ ಹಂಚಿಕೆಯೂ ಮೇಲಿನಿಂದಲೇ.

ಆದ್ದರಿಂದ ಜಗತ್ತಿನ ತೈಲದ ದಿನದಿನದ ಅಲೆ ಭಾರತದ ಬೆಳೆಗೆ ಎಥೆನಾಲ್ ಹಾದಿಯಲ್ಲಿ ನೇರವಾಗಿ ಬರುವುದು ಕಡಿಮೆ. ಬದಲಿಗೆ ಏರಿಳಿತ ಬರುವುದು ಆದೇಶಗಳ ರೂಪದಲ್ಲಿ. ಎರಡೂವರೆ ವರ್ಷಗಳ ಪಟ್ಟಿಯನ್ನು ನೋಡಿದರೆ ಇದು ಮನದಟ್ಟಾಗುತ್ತದೆ.

2023ರ ಜುಲೈನಲ್ಲಿ, ಸರ್ಕಾರದ ಧಾನ್ಯ ದಾಸ್ತಾನು ನೋಡಿಕೊಳ್ಳುವ ಭಾರತೀಯ ಆಹಾರ ನಿಗಮದ ಅಕ್ಕಿಯನ್ನು ಡಿಸ್ಟಿಲರಿಗಳಿಗೆ ಕೊಡುವುದು ನಿಂತಿತು. ಆ ವರ್ಷ ಮಳೆ ಕಡಿಮೆಯಾಗಿ ಕರ್ನಾಟಕ, ಮಹಾರಾಷ್ಟ್ರಗಳ ಕಬ್ಬು ಕುಗ್ಗುವ ಸೂಚನೆ ಕಂಡಾಗ, ಡಿಸೆಂಬರ್ 7ರಂದು ಕಬ್ಬಿನ ರಸದಿಂದ ಎಥೆನಾಲ್ ಮಾಡುವುದನ್ನೇ ನಿಲ್ಲಿಸುವಂತೆ ಕಾರ್ಖಾನೆಗಳಿಗೆ ಆದೇಶ ಹೋಯಿತು. ಸಕ್ಕರೆ ದುಬಾರಿಯಾಗಬಾರದು ಎಂಬುದು ಕಾರಣ. ಅದಕ್ಕೆಂದೇ ಸಾಲ ಮಾಡಿ ಡಿಸ್ಟಿಲರಿ ಕಟ್ಟಿದವರು ಕಂಗಾಲಾದರು. ಸುಮಾರು ಒಂದು ವಾರದಲ್ಲಿ ಆದೇಶ ಸಡಿಲವಾಗಿ 17 ಲಕ್ಷ ಟನ್ ಸಕ್ಕರೆಯಷ್ಟನ್ನು ಎಥೆನಾಲ್ ಕಡೆ ತಿರುಗಿಸಬಹುದು ಎಂದಾಯಿತು.

ಅಕ್ಕಿಯೂ ಇಲ್ಲ, ಕಬ್ಬೂ ಸಾಲದು; ಮಿಶ್ರಣದ ಗುರಿ ಮಾತ್ರ ಹಾಗೇ ಇದೆ. ಉಳಿದದ್ದು ಮೆಕ್ಕೆಜೋಳ. 2024ರ ಜನವರಿಯಲ್ಲಿ ಅದರ ಎಥೆನಾಲ್‌ಗೆ ಲೀಟರ್‌ಗೆ 5.79 ರೂಪಾಯಿ ಪ್ರೋತ್ಸಾಹಧನ ಸೇರಿತು. 2022–23ರಲ್ಲಿ ಮೆಕ್ಕೆಜೋಳದಿಂದ ಬಂದ ಎಥೆನಾಲ್ ಸುಮಾರು 31 ಕೋಟಿ ಲೀಟರ್. 2023–24ರಲ್ಲಿ ಅದು 286 ಕೋಟಿ ಲೀಟರ್. ಟನ್‌ಗೆ 380 ಲೀಟರ್ ಲೆಕ್ಕದಲ್ಲಿ ಇದಕ್ಕೆ 75 ಲಕ್ಷ ಟನ್ ಕಾಳು ಬೇಕು, ಅಂದರೆ ದೇಶದ ಬೆಳೆಯ ಸುಮಾರು ಐದನೇ ಒಂದು ಭಾಗ. ಒಂದೇ ವರ್ಷದಲ್ಲಿ! ವರ್ಷಕ್ಕೆ ಇಪ್ಪತ್ತು–ಮೂವತ್ತು ಲಕ್ಷ ಟನ್ ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ಮೆಕ್ಕೆಜೋಳ ತರಿಸಿಕೊಂಡಿತು. ಕುಲಾಂತರಿ ಕಾಳಿಗೆ ಇಲ್ಲಿ ಅನುಮತಿಯಿಲ್ಲದ್ದರಿಂದ ಅಮೆರಿಕದ ಅಗ್ಗದ ರಾಶಿ ಬರಲಿಲ್ಲ.

ಇಲ್ಲಿ ಒಂದು ಸಣ್ಣ ಲೆಕ್ಕ. ಒಂದು ಕ್ವಿಂಟಲ್ ಮೆಕ್ಕೆಜೋಳದಿಂದ 38 ಲೀಟರ್, 71.86ರ ದರದಲ್ಲಿ 2,730 ರೂಪಾಯಿ. ಹಿಂಡಿಯ ಆದಾಯ ಸೇರಿಸಿ, ಇಂಧನ, ಕೂಲಿ, ಬಡ್ಡಿ ಕಳೆದರೆ ಡಿಸ್ಟಿಲರಿ ಕಾಳಿಗೆ ಎಷ್ಟು ಕೊಡಬಲ್ಲದು ಎಂಬುದು ಹೆಚ್ಚು ಕಡಿಮೆ ನಿಗದಿಯಾಗುತ್ತದೆ. ಎಥೆನಾಲ್ ದರ ಕದಲದಿರುವಾಗ ಕಾಳಿನ ದರ ಇದನ್ನು ಮೀರಿದರೆ ಡಿಸ್ಟಿಲರಿ ನಷ್ಟದಲ್ಲಿ ಓಡಬೇಕು ಅಥವಾ ನಿಲ್ಲಬೇಕು. ಹೀಗೆ ಎಥೆನಾಲ್ ದರ ಬೆಳೆಗೆ ಕಾಣದ ಮೇಲ್ಛಾವಣಿಯೂ ಆಗುತ್ತದೆ. ನೆಲಗಟ್ಟು ಮಾತ್ರ ಡಿಸ್ಟಿಲರಿಗೆ ಹಂಚಿಕೆ ಸಿಕ್ಕಿದಷ್ಟಕ್ಕೇ.

2024ರ ಒಳ್ಳೆಯ ದರ ನೋಡಿದ ರೈತರು 2025ರ ಮುಂಗಾರಿನಲ್ಲಿ ಎಲ್ಲ ಕಡೆ ಮೆಕ್ಕೆಜೋಳ ಬಿತ್ತಿದರು. ಕರ್ನಾಟಕದಲ್ಲೇ ಸುಮಾರು 18 ಲಕ್ಷ ಹೆಕ್ಟೇರ್. 54 ಲಕ್ಷ ಟನ್ ಇಳುವರಿಯ ಅಂದಾಜು. ಅಷ್ಟರಲ್ಲಿ ದೆಹಲಿಯಲ್ಲಿ ತೂಬಿನ ಸ್ಥಿತಿ ಬದಲಾಗಿತ್ತು. ಗೋದಾಮುಗಳಲ್ಲಿ ಅಕ್ಕಿ ಉಕ್ಕುತ್ತಿದ್ದರಿಂದ 52 ಲಕ್ಷ ಟನ್ ಅಕ್ಕಿಯನ್ನು ಕ್ವಿಂಟಲ್‌ಗೆ 2,250 ರೂಪಾಯಿಯಂತೆ ಡಿಸ್ಟಿಲರಿಗಳಿಗೆ ತೆರೆಯಲಾಗಿತ್ತು. ಕಬ್ಬಿನ ರಸದ ಮೇಲಿನ ನಿರ್ಬಂಧ ಹೋಗಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಮಿಶ್ರಣ ಶೇ 20 ಮುಟ್ಟಿ ನಿಂತಿತ್ತು. 2025–26ಕ್ಕೆ ತೈಲ ಕಂಪನಿಗಳು ಕರೆದ ಟೆಂಡರ್‌ಗೆ 1,776 ಕೋಟಿ ಲೀಟರ್ ಕೊಡುತ್ತೇವೆಂದು ತಯಾರಕರು ಬಂದರು. ಹಂಚಿಕೆಯಾದದ್ದು ಸುಮಾರು 1,048 ಕೋಟಿ ಲೀಟರ್.

ಆ ಹಂಚಿಕೆಯಲ್ಲೂ ಶೇ 45ಕ್ಕಿಂತ ಹೆಚ್ಚು ಮೆಕ್ಕೆಜೋಳದ್ದೇ, ಕಬ್ಬಿನ ಪಾಲು ಶೇ 28ರ ಆಸುಪಾಸು. ಮೆಕ್ಕೆಜೋಳಕ್ಕೆ ಇಷ್ಟು ದೊಡ್ಡ ಪಾಲಿದ್ದೂ ಬೆಲೆ ಏಕೆ ಕುಸಿಯಿತು ಎಂದು ಯಾರಾದರೂ ಕೇಳಬಹುದು. ಬೆಲೆಯನ್ನು ಮೇಲೆತ್ತಿದ್ದು ಬೇಡಿಕೆಯ ಗಾತ್ರವಲ್ಲ, ಪ್ರತಿ ವರ್ಷವೂ ಅದು ಇನ್ನಷ್ಟು ಏರುತ್ತದೆಂಬ ನಿರೀಕ್ಷೆ. ಏರಿಕೆ ನಿಂತ ವರ್ಷವೇ ಬೆಳೆ ಹೆಚ್ಚಿತು. ಕಬ್ಬಿನವರ ಸಿಟ್ಟಿಗೂ ಮೂಲ ಅಲ್ಲೇ. ಎಥೆನಾಲ್ ಎಷ್ಟು ಬೇಕಾದರೂ ಹೋಗುತ್ತದೆಂದು ಕಟ್ಟಿದ ಸಾಮರ್ಥ್ಯ ಆಗ ದೇಶದಲ್ಲಿ 1,800 ಕೋಟಿ ಲೀಟರ್ ಸುತ್ತಮುತ್ತ ಇತ್ತು.

ಕೋಳಿ, ಸೋಯಾ ಮತ್ತು ಅಡುಗೆ ಎಣ್ಣೆ

ಏರಿಳಿತ ಒಂದೇ ಬೆಳೆಯಲ್ಲಿ ನಿಲ್ಲುವುದಿಲ್ಲ. ಕೋಳಿ ಆಹಾರದ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ. 2024ರಲ್ಲಿ ಅದು ತುಟ್ಟಿಯಾದಾಗ ಸುಂಕವಿಲ್ಲದೆ ಆಮದಿಗೆ ಬಿಡಿ ಎಂದು ಕೋಳಿ ಉದ್ಯಮ ಕೇಳಿತು. ಆಗ ರೈತ ನಗುತ್ತಿದ್ದ, ಮೊಟ್ಟೆಯವರು ಅಳುತ್ತಿದ್ದರು. ಮರುವರ್ಷ ಪಾತ್ರಗಳು ಅದಲುಬದಲಾದವು.

ಹಿಂಡಿಯ ಕಥೆ ಇನ್ನೂ ಸೂಕ್ಷ್ಮ. ಡಿಸ್ಟಿಲರಿಗಳು ಹೆಚ್ಚಿದಂತೆ ಡಿಡಿಜಿಎಸ್ ರಾಶಿಯೂ ಹೆಚ್ಚಿತು. ಪ್ರೋಟೀನ್ ಇರುವ ಅಗ್ಗದ ಮೇವು ಸಿಕ್ಕಾಗ ಮೇವು ತಯಾರಕರು ಸೋಯಾ ಹಿಂಡಿಯನ್ನು ಕಡಿಮೆ ಮಾಡಿದರು. ಸೋಯಾಬೀನ್‌ನ ಬೆಲೆಯಲ್ಲಿ ದೊಡ್ಡ ಪಾಲು ಹಿಂಡಿಯದೇ ಆದ್ದರಿಂದ, 2024–25ರಲ್ಲಿ 4,892 ರೂಪಾಯಿ ಬೆಂಬಲ ಬೆಲೆಗಿಂತ ಕೆಳಗೆ ಸೋಯಾ ಮಾರಾಟವಾಗಲು ಇದೂ ಒಂದು ಕಾರಣವಾಯಿತು. ಬೀದರ್‌ನಲ್ಲಿ ಸೋಯಾ ಬೆಳೆಯುವವರು ಎಥೆನಾಲ್‌ಗೆ ಒಂದು ಕಾಳನ್ನೂ ಕೊಟ್ಟಿರಲಿಲ್ಲ. ಪೆಟ್ಟು ಮಾತ್ರ ಬಿತ್ತು. ಸೋಯಾದಲ್ಲಿ ಸೋತವರು ಮೆಕ್ಕೆಜೋಳಕ್ಕೆ ಬದಲಾದದ್ದು 2025ರ ರಾಶಿಯನ್ನು ಇನ್ನಷ್ಟು ದೊಡ್ಡದು ಮಾಡಿತು.

ಡೀಸೆಲ್ ಕಡೆಯೂ ಇಂಥದ್ದೇ ಒಂದು ತೂಬು ಇದೆ, ಇಂಡೊನೇಷ್ಯಾದಲ್ಲಿ. ತಾಳೆ ಎಣ್ಣೆಯಿಂದ ಮಾಡಿದ ಜೈವಿಕ ಡೀಸೆಲನ್ನು ಅಲ್ಲಿ 2023ರಲ್ಲಿ ಶೇ 35ರಷ್ಟು, 2025ರಲ್ಲಿ ಶೇ 40ರಷ್ಟು ಬೆರೆಸುವುದು ಕಡ್ಡಾಯವಾಯಿತು. ನಮ್ಮ ಕರಿದ ತಿಂಡಿಗೂ ಬಿಸ್ಕತ್ತಿಗೂ ಬರುವ ಎಣ್ಣೆ ಹೆಚ್ಚಾಗಿ ಅಲ್ಲಿಂದಲೇ. ಅಲ್ಲಿ ಶೇಕಡಾ ಒಂದೆರಡು ಏರಿದ ಸುದ್ದಿಗೇ ಇಲ್ಲಿನ ಅಡುಗೆ ಎಣ್ಣೆಯ ಸಗಟು ದರ ಅಲುಗುತ್ತದೆ.

ಅಧ್ಯಯನಗಳ ಉತ್ತರ ಏಕೆ ಇಷ್ಟು ಬೇರೆ ಬೇರೆ?

2008ರ ಆಹಾರ ಬಿಕ್ಕಟ್ಟಿಗೆ ಜೈವಿಕ ಇಂಧನ ಎಷ್ಟು ಕಾರಣ? ವಿಶ್ವಬ್ಯಾಂಕ್‌ನ ಅರ್ಥಶಾಸ್ತ್ರಜ್ಞ ಡೊನಾಲ್ಡ್ ಮಿಚೆಲ್ ಅದೇ ವರ್ಷದ ಪ್ರಬಂಧದಲ್ಲಿ ಬೆಲೆ ಏರಿಕೆಯ ಶೇ 70–75 ಎಂದರು. ಅಮೆರಿಕ ಸರ್ಕಾರದ ಅರ್ಥಶಾಸ್ತ್ರಜ್ಞರು ಹೇಳಿದ್ದು ಶೇ 3ರಷ್ಟು. ಇಬ್ಬರೂ ಅಳೆದದ್ದು ಒಂದನ್ನೇ ಅಲ್ಲ. ಮಿಚೆಲ್ ನೋಡಿದ್ದು ರಫ್ತು ಮಾರುಕಟ್ಟೆಯ ಧಾನ್ಯ, ಎಣ್ಣೆಗಳ ದರವನ್ನು. ಬರಿದಾದ ದಾಸ್ತಾನು, ಬದಲಾದ ಭೂಬಳಕೆ, ಸಟ್ಟಾ ವ್ಯಾಪಾರ, ಹೆದರಿದ ದೇಶಗಳ ರಫ್ತು ನಿಷೇಧಗಳನ್ನೂ ಅವರು ಇದೇ ಖಾತೆಗೆ ಸೇರಿಸಿದರು. ಇನ್ನೊಂದು ಅಂಕಿ ಮೆಕ್ಕೆಜೋಳದ ಎಥೆನಾಲ್‌ನ ನೇರ ಪರಿಣಾಮವನ್ನು ಜಗತ್ತಿನ ಒಟ್ಟು ಆಹಾರ ಬೆಲೆಯ ಮೇಲೆ ಲೆಕ್ಕಹಾಕಿದ್ದು.

ತೂಬು ಸದಾ ಒಂದೇ ಸ್ಥಿತಿಯಲ್ಲಿರುವುದಿಲ್ಲ ಎಂಬುದು ಇನ್ನೊಂದು ತೊಡಕು. 2006–08ರ ಅಂಕಿಗಳನ್ನು ತೆಗೆದುಕೊಂಡರೆ ತೈಲ–ಬೆಳೆಯ ನಂಟು ಗಟ್ಟಿ ಕಾಣುತ್ತದೆ, ಮಿಶ್ರಣ ಮಿತಿಗೆ ಬಡಿದು ನಿಂತ ವರ್ಷಗಳಲ್ಲಿ ಸಡಿಲ. ಎರಡು ಬೆಲೆಗಳು ಒಟ್ಟಿಗೆ ಏರಿದವು ಎಂದ ಮಾತ್ರಕ್ಕೆ ಒಂದು ಇನ್ನೊಂದನ್ನು ಎಳೆಯಿತು ಎಂದೂ ಅಲ್ಲ. ಡಾಲರ್ ದುರ್ಬಲವಾದರೆ, ಚೀನಾದ ಬೇಡಿಕೆ ಏರಿದರೆ ಎರಡೂ ತಾವಾಗಿ ಏರುತ್ತವೆ.

ಏರಿಳಿತ ತಗ್ಗಿಸುವ ಬಗ್ಗೆ ಮಾತ್ರ 2011ರಲ್ಲಿ ವಿಶ್ವಬ್ಯಾಂಕ್, ಆಹಾರ ಮತ್ತು ಕೃಷಿ ಸಂಸ್ಥೆ ಸೇರಿ ಹತ್ತು ಅಂತರರಾಷ್ಟ್ರೀಯ ಸಂಸ್ಥೆಗಳು ಜಿ20 ದೇಶಗಳಿಗೆ ಕೊಟ್ಟ ವರದಿಯಲ್ಲಿ ಒಮ್ಮತವಿತ್ತು: ಕಡ್ಡಾಯ ಮಿಶ್ರಣ, ಸಹಾಯಧನಗಳನ್ನು ಕೈಬಿಡಿ, ಆಗದಿದ್ದರೆ ಕೊರತೆ ಬಂದಾಗ ತಾನಾಗಿ ಸಡಿಲವಾಗುವಂತೆಯಾದರೂ ಮಾಡಿ. ದೇಶಗಳು ಇದನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ತೈಲ ಆಮದಿನ ಖರ್ಚು ಉಳಿಯುವುದು, ರೈತರಿಗೆ ಹೊಸ ಮಾರುಕಟ್ಟೆ ಸಿಗುವುದು ಸಣ್ಣ ಆಕರ್ಷಣೆಗಳಲ್ಲ.

ಬಿತ್ತನೆ ಜೂನ್‌ನಲ್ಲಿ, ಹಂಚಿಕೆ ಅಕ್ಟೋಬರ್‌ನಲ್ಲಿ

ಭಾರತದಲ್ಲಿ ಈ ಏರಿಳಿತವನ್ನು ಹೆಚ್ಚಿಸುವ ಒಂದು ಸಂಗತಿ ಪಂಚಾಂಗದಲ್ಲೇ ಇದೆ. ಮುಂಗಾರಿನ ಮೆಕ್ಕೆಜೋಳ ಬಿತ್ತುವುದು ಜೂನ್–ಜುಲೈಯಲ್ಲಿ. ಕೊಯ್ಲು ಅಕ್ಟೋಬರ್–ನವೆಂಬರ್‌ನಲ್ಲಿ. 2025–26ರ ಎಥೆನಾಲ್ ಹಂಚಿಕೆ ಹೊರಬಿದ್ದದ್ದು ಅಕ್ಟೋಬರ್‌ನಲ್ಲಿ, ಅಂದರೆ ತೆನೆ ಮುರಿಯುವ ಹೊತ್ತಿಗೆ. ಬಿತ್ತುವವನ ಕೈಯಲ್ಲಿ ಆಗ ಇರುವುದು ಕಳೆದ ವರ್ಷದ ದರ ಮತ್ತು ಆ ವರ್ಷಕ್ಕೆ ಘೋಷಿಸಿದ ಬೆಂಬಲ ಬೆಲೆ ಮಾತ್ರ. ಬೆಂಬಲ ಬೆಲೆಗೆ ಕೊಳ್ಳುವ ಖರೀದಿ ಕೇಂದ್ರ ತೆರೆಯುತ್ತದೋ ಇಲ್ಲವೋ ಎಂಬುದು ಇನ್ನೊಂದು ಪ್ರಶ್ನೆ. ಕಬ್ಬಿನದು ಇನ್ನೂ ದೀರ್ಘ. ಒಮ್ಮೆ ನಾಟಿ ಮಾಡಿದ್ದು ಕೂಳೆ ಸೇರಿ ಎರಡು ಮೂರು ವರ್ಷ ಹೊಲದಲ್ಲಿರುತ್ತದೆ, ಅಷ್ಟರಲ್ಲಿ ಎಥೆನಾಲ್ ಆದೇಶ ಎರಡು ಮೂರು ಸಲ ಬದಲಾಗಿರಬಹುದು.

ಹಾಗಾಗಿ ಮುಂದಿನ ದರವನ್ನು ಅಂದಾಜಿಸಲು ಬಯಸುವವರು ಆಗಸದ ಜೊತೆ ಇನ್ನೂ ಕೆಲವು ಕಡೆ ಕಣ್ಣಿಡಬೇಕಾಗುತ್ತದೆ. ಆಹಾರ ನಿಗಮದ ಗೋದಾಮಿನಲ್ಲಿ ಅಕ್ಕಿ ಎಷ್ಟಿದೆ, ಅದರಲ್ಲಿ ಡಿಸ್ಟಿಲರಿಗೆ ಎಷ್ಟನ್ನು ಯಾವ ದರಕ್ಕೆ ಬಿಡುತ್ತಾರೆ? ಸಕ್ಕರೆಯ ರಫ್ತಿಗೆ ಅನುಮತಿ ಇದೆಯೇ? ಅಮೆರಿಕದ ಜೊತೆಗಿನ ವ್ಯಾಪಾರ ಮಾತುಕತೆಯಲ್ಲಿ ಮೆಕ್ಕೆಜೋಳ ಅಥವಾ ಎಥೆನಾಲ್ ಆಮದಿನ ಮಾತು ಎಲ್ಲಿಗೆ ಬಂತು? ಶೇ 20ರ ಮಿತಿಯನ್ನು ದಾಟುವ ತೀರ್ಮಾನವಾಗುತ್ತದೆಯೇ, ಆದರೆ ಯಾವ ವರ್ಷದಿಂದ? ಈ ಕೊನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ 2024ರಂತೆ ಬೆಲೆ ಮತ್ತೆ ಮೇಲೇಳಬಹುದು. ಆ ಬೆಲೆಯನ್ನು ನೋಡಿ ಮರುವರ್ಷ ಎಷ್ಟು ಹೆಕ್ಟೇರ್ ಬಿತ್ತನೆಯಾಗುತ್ತದೆ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು.